ಡಬ್ಲಿನ್ನಿಗೆ ಹೊತ್ತೊಯ್ದ ಮಜ್ಜೆ

ಕುಂದಾಪುರ ಬಸ್‌ಸ್ಟ್ಯಾಂಡ್

ವಿದೇಶಕ್ಕೆ ಹೊರಟವನಿಗೆ ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ ಗುಟ್ಟೆಂಬುದು ಉಳಿಯುವುದಿಲ್ಲ. ನನ್ನನ್ನು ದಿನವೂ ಬ್ರಹ್ಮಾವರದಲ್ಲಿ ಇಳಿಸುವ ಕಂಡಕ್ಟರ್ ಬ್ಯಾಗಿನ ಗಾತ್ರ ನೋಡಿದವನೇ ದೂರದಿಂದ ಕೂಗಿದ.

"ಹ್ವಾಯ್ ಮೇಷ್ಟ್ರೇ, ಎಂತ ಇದ್, ಮನೆಯೇ ಹೊತ್ಕಂಡ್ ಹೊರಟ್ರ್ಯಾ? ಎಲ್ಲಿಗ್ ಹೋಪದ್?"

"ಐರ್ಲೆಂಡಿಗೆ."

"ಅದೆಲ್ಲಿ ಬತ್ತ್?"

"ಇಂಗ್ಲೆಂಡಿನ ಆಚೆ ಬದಿ."

"ಟೂರಾ?"

ಹೌದು ಎಂದುಬಿಟ್ಟೆ. ತಂಗಿಯ ಮಗನಿಗೆ ನನ್ನ ಮೂಳೆಯೊಳಗಿನ ಮಜ್ಜೆ ಹೊಂದುತ್ತದೋ ಎಂದು ನೋಡಲು ಹೋಗುತ್ತಿದ್ದೇನೆ, ಹೊಂದಿದರೆ ಮಗು ಬದುಕಬಹುದು, ಇಲ್ಲವಾದರೆ ಇಲ್ಲ ಎನ್ನುವುದನ್ನು ಫುಟ್‌ಬೋರ್ಡಿನಲ್ಲಿ ನೇತಾಡುವವನಿಗೆ ಎಲ್ಲಿಂದ ಶುರು ಮಾಡಿ ಹೇಳುವುದು? ಅವನು ಖುಷಿಯಿಂದ ಸೀಟಿ ಊದಿದ. ಪಕ್ಕದಲ್ಲಿ ಕೂತವರು ನನ್ನತ್ತ ಅಸೂಯೆಯಿಂದ ನೋಡಿದರು.

ನನ್ನ ಮನೆ ಕಿರಿಮಂಜೇಶ್ವರದ ಕಡಲ ಬದಿ. ಬ್ರಹ್ಮಾವರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ತಂಗಿ ಅಕ್ಷತಾ ಡಬ್ಲಿನ್ನಿನ ಒಂದು ವೃದ್ಧಾಶ್ರಮದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಅವಳ ಗಂಡ ಪ್ರದೀಪ ಅಲ್ಲಿಯೇ ಹೋಟೆಲೊಂದರ ಅಡುಗೆಯವನು. ಅವರ ಮಗ ಶ್ರವಣ ಅಲ್ಲೇ ಹುಟ್ಟಿದವನು, ಒಂದೂವರೆ ವರ್ಷದವನು. ಅವನಿಗೆ ಹಸುಗೂಸಾಗಿದ್ದಾಗಿನಿಂದಲೂ ಕೆಮ್ಮು, ಭೇದಿ, ಮತ್ತೆ ಕೆಮ್ಮು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹಾಲು ಆಗುವುದಿಲ್ಲವೇನೋ ಎಂದರು, ಗೋಧಿ ಆಗುವುದಿಲ್ಲವೇನೋ ಎಂದರು. ರಕ್ತದ ಬಿಳಿಕಣಗಳ ಒಟ್ಟು ಲೆಕ್ಕ ಸರಿಯಾಗಿಯೇ ಇತ್ತು. ತಿಂಗಳುಗಟ್ಟಲೆ ಅಲೆದ ಮೇಲೆ, ಯಾವ ಬಗೆಯ ಕಣ ಎಷ್ಟಿದೆ ಎಂದು ಬಿಡಿಸಿ ನೋಡಿದಾಗ ಗೊತ್ತಾದದ್ದು: ಅವನ ಮೈಯಲ್ಲಿ ಸಹಾಯಕ ಟಿ ಕೋಶಗಳು ಇಲ್ಲವೆನ್ನುವಷ್ಟು ಕಡಿಮೆ.

ಈ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ. ನಮ್ಮ ಕಡಲ ತಡಿಯ ಕೈರಂಪಣಿ ನೋಡಿದ ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ. ಊರಿನವರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ ಅದು. ದಡದಲ್ಲಿ ಒಬ್ಬ ನಿಂತು ನೀರಿನ ಬಣ್ಣ ನೋಡುತ್ತಾನೆ. ಮೀನಿನ ಹಿಂಡು ಬಂತೆಂದು ಕಂಡರೆ ವಸ್ತ್ರ ಬೀಸಿ ಕೂಗುತ್ತಾನೆ. ದೋಣಿ ಸುತ್ತು ಹಾಕುತ್ತದೆ, ಜನ ಹಗ್ಗಕ್ಕೆ ಕೈ ಹಾಕುತ್ತಾರೆ, ಸಾಕು ಎಂದಾಗ ಬಿಡುತ್ತಾರೆ. ಕೂಗಿದವನು ಹಗ್ಗ ಮುಟ್ಟುವುದಿಲ್ಲ. ಸಹಾಯಕ ಕೋಶವೂ ಹಾಗೆಯೇ, ತಾನು ಯಾರನ್ನೂ ಕೊಲ್ಲುವುದಿಲ್ಲ. ಯಾರು ಬಂದಿದ್ದಾರೆಂದು ಗುರುತಿಸಿ, ಪ್ರತಿಕಾಯ ಮಾಡುವವರನ್ನು, ಕೊಲ್ಲುವವರನ್ನು, ನುಂಗುವವರನ್ನು ಎಬ್ಬಿಸುತ್ತದೆ. ಸಾಕು, ಇನ್ನು ಬಿಡಿ ಎಂದು ತಡೆಯುವ ಕೋಶಗಳೂ ಅದೇ ಮನೆತನದವು. ಶ್ರವಣನ ಮೈಯಲ್ಲಿ ದೋಣಿ ಇತ್ತು, ಬಲೆ ಇತ್ತು, ಹಗ್ಗ ಹಿಡಿಯುವ ಜನರಿದ್ದರು. ಕೂಗುವವನಿರಲಿಲ್ಲ.

ಅಪ್ಪನದೂ ಅಮ್ಮನದೂ ಮಜ್ಜೆ ಮಗುವಿಗೆ ಅರ್ಧ ಮಾತ್ರ ಹೊಂದಿತ್ತು. ನಾನು ಪರೀಕ್ಷೆಗೆ ಹೊರಟದ್ದು ಅದಕ್ಕೆ. ಹೊರಡುವ ಮುಂಚೆ ಅಮ್ಮ ಧೈರ್ಯ ಹೇಳಿದ್ದಳು: "ಮಾವಂದ್ ಅಳಿಯಂಗ್ ಆಗ್ದೆ ಇನ್ಯಾರದ್ ಆತ್ತ್? ಹೋಯ್ ಬಾ."

ಡಬ್ಲಿನ್: ತುಪ್ಪ ಹಿಡಿದರು

ಅಮ್ಮ ಕಟ್ಟಿಕೊಟ್ಟ ಒಣ ಸಿಗಡಿಯ ಬಗ್ಗೆ ನನಗೆ ದಾರಿಯುದ್ದಕ್ಕೂ ಹೆದರಿಕೆ. ವಿಮಾನ ಇಡೀ ನಾರುತ್ತದೆಂದು ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು ಸುತ್ತಿದ್ದೆ. ಡಬ್ಲಿನ್ನಿನಲ್ಲಿ ಕಸ್ಟಮ್ಸಿನವನು ಅದನ್ನು ಬಿಚ್ಚಿ ಮೂಸಿ, ಮುಖ ಕಿವುಚಿ, ಒಯ್ಯಿರಿ ಎಂದ. ಪಕ್ಕದಲ್ಲಿದ್ದ ತುಪ್ಪದ ಡಬ್ಬಿಯನ್ನು ಮಾತ್ರ ಕಿತ್ತುಕೊಂಡ. ಹೊರದೇಶದ ಹಾಲಿನ ಪದಾರ್ಥ ಒಳಗೆ ಬಿಡುವಂತಿಲ್ಲವಂತೆ. ಒಂದು ಡಬ್ಬಿ ತುಪ್ಪಕ್ಕೆ ಅವನು ಎಷ್ಟು ಸಲ "ಸಾರಿ" ಎಂದನೆಂದರೆ, ಕೊನೆಗೆ ನಾನೇ ಅವನನ್ನು ಸಮಾಧಾನ ಮಾಡಬೇಕಾಯಿತು.

ಈ ದೇಶದವರು ಮಾತಿನಲ್ಲಿ ಬಲು ಮೆತ್ತಗೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬನೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾನೆ. ನಮ್ಮಲ್ಲಿ ಬಸ್ಸು ಪೂರ್ತಿ ನಿಂತ ಮೇಲೆ ಇಳಿಯಲು ಬಿಟ್ಟರೆ ಅದೇ ದೊಡ್ಡ ಉಪಕಾರ. ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಲ ದಿನ ಒಬ್ಬನಿಗೆ ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ರಸ್ತೆ ದಾಟಿ ಆಗಿತ್ತು.

ವಿಮಾನದ ತಣ್ಣನೆ ಗಾಳಿಗೋ, ಪಕ್ಕದವನ ಸೀನಿಗೋ, ಇಳಿಯುವ ಹೊತ್ತಿಗೆ ನನ್ನ ಮೂಗು ಸೋರುತ್ತಿತ್ತು. ಕರೆದೊಯ್ಯಲು ಬಂದಿದ್ದ ಅಕ್ಷತಾ ಓಡಿ ಬಂದು, ನಾನು ಸೀನಿದ್ದೇ ತಡ, ನಿಂತಲ್ಲೇ ನಿಂತಳು. ಎರಡು ವರ್ಷದ ಮೇಲೆ ಕಂಡ ಅಣ್ಣನನ್ನು ಅವಳು ಮುಟ್ಟಲಿಲ್ಲ.

"ಅಣ್ಣಯ್ಯ, ನೀ ಆಸ್ಪತ್ರಿಗ್ ಬಪ್ಪುಕಾಗ. ಶೀತ ಪೂರ ಹೋಯ್ಲಿ. ನಾನೂ ಆಸ್ಪತ್ರಿಯಲ್ಲೇ ಇರ್ತೆ" ಎಂದಳು.

ಏಳು ಸಮುದ್ರ ದಾಟಿ ಬಂದ ಸೋದರಮಾವನನ್ನು ಒಂದು ನೆಗಡಿ ಬಾಗಿಲಲ್ಲೇ ತಡೆದು ನಿಲ್ಲಿಸಿತು.

ತಂಗಿಯ ಅಡುಗೆಮನೆ

ಹಗಲಿಡೀ ಮನೆಯಲ್ಲಿ ನಾನೊಬ್ಬನೇ. ಆಸ್ಪತ್ರೆಯವರ ಕಡೆಯ ಒಬ್ಬಳು ಬಂದು ಪರೀಕ್ಷೆಗೆಂದು ನನ್ನ ಕೆನ್ನೆಯ ಒಳಗೆ ಹತ್ತಿಕಡ್ಡಿ ತಿಕ್ಕಿಕೊಂಡು ಹೋಗಿದ್ದಳು. ಇನ್ನು ಕಾಯುವುದಷ್ಟೆ. ಪಕ್ಕದ ಮನೆಯ ಬ್ರೀಡಾ ಎಂಬ ಅಜ್ಜಿ ದಿನವೂ ಬಾಗಿಲು ತಟ್ಟಿ ಬಿಸಿ ಸೂಪು ಕೊಟ್ಟು ಹೋಗುತ್ತಿದ್ದಳು. ಚಹಾ ಕುಡಿಯಿರಿ ಎಂದರೆ ಬೇಡ ಎನ್ನುತ್ತಿದ್ದಳು. ಎರಡನೆಯ ಸಲವೂ ಬೇಡ. ಮೂರನೆಯ ಸಲ, ನಿಮಗೆ ತೊಂದರೆಯಿಲ್ಲದಿದ್ದರೆ ಎಂದು ಕೂರುತ್ತಿದ್ದಳು. ನಮ್ಮ ಕಡೆಯ ಹೆಂಗಸರೂ ಈಗಷ್ಟೇ ಕುಡ್ದ್ ಬಂದೆ ಅನ್ನುತ್ತಲೇ ಲೋಟಕ್ಕೆ ಕೈ ಚಾಚುವವರಲ್ಲವೇ? ಆ ಒಂದು ಕ್ಷಣ ನನಗೆ ಊರಲ್ಲೇ ಇದ್ದೇನೆ ಅನಿಸಿತು. ಮರುಕ್ಷಣ ಅವಳು ಮಗು ಹೇಗಿದೆ ಎಂದು ಕೇಳಿದಳು, ಈ ಸಲ ಉತ್ತರಕ್ಕೆ ಕಾದಳು.

ನಾನಿನ್ನೂ ಅವನ ಮುಖವನ್ನೇ ನೋಡಿಲ್ಲ ಎಂದೆ. ಮೂಗು ಒಣಗುವುದನ್ನು ಕಾಯುವುದೇ ನನ್ನ ಕೆಲಸವಾಗಿತ್ತು. ಜ್ವರ ಒಂದು ಸಂಜೆ ಏರಿತು, ಬೆಳಿಗ್ಗೆ ಇಳಿಯಿತು. ಕತ್ತಿನಲ್ಲಿ ಗಂಟು ಉಬ್ಬಿತು, ಇಳಿಯಿತು. ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಚಹಾ ಹೀರುತ್ತಿದ್ದಾಗ ನನ್ನ ಆ ಗಂಟಿನೊಳಗೆ ಎಲ್ಲೋ ಒಂದು ಸಹಾಯಕ ಕೋಶ ವೈರಸ್ಸಿನ ಚೂರನ್ನು ಗುರುತು ಹಿಡಿದಿತ್ತು, ತನ್ನಂಥವರನ್ನು ಹೆಚ್ಚಿಸಿಕೊಂಡಿತ್ತು, ಕೂಗಿ ಕರೆದಿತ್ತು, ಕೆಲಸ ಮುಗಿಯಿತೆಂದು ಎಲ್ಲರನ್ನೂ ಮನೆಗೆ ಕಳಿಸಿತ್ತು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ನಲವತ್ತು ದಾಟಿದ ನನ್ನ ಮೈಯಲ್ಲಿ ಹೀಗೆ ಬಿಟ್ಟಿಯಾಗಿ ನಡೆಯುವುದು, ಇಡೀ ಆಸ್ಪತ್ರೆ ಟೊಂಕಕಟ್ಟಿ ನಿಂತರೂ ಆ ಮಗುವಿನ ಮೈಯಲ್ಲಿ ನಡೆಯುತ್ತಿರಲಿಲ್ಲ. ನನಗೆ ವಾಸಿಯಾಗುತ್ತಾ ಹೋದಂತೆ ನಾಚಿಕೆಯಾಯಿತು.

ರಾತ್ರಿ ಕೆಲಸ ಮುಗಿಸಿ ಬಂದ ಪ್ರದೀಪ, ನೆಗಡಿ ತಾಗದಿರಲೆಂದು, ನನ್ನ ಕೋಣೆಯ ಬಾಗಿಲ ಆಚೆಯಿಂದಲೇ ಮಾತಾಡುತ್ತಿದ್ದ.

"ಭಾವ, ನಾನ್ ದಿನಾ ಊರಿಡೀ ಜನ್ರಿಗ್ ಬೇಯ್ಸಿ ಹಾಕ್ತೆ. ನನ್ ಮಗಂಗೆ ಒಂದ್ ತುತ್ತ್ ದಕ್ಕುದಿಲ್ಲೆ ಕಾಣಿ."

ಗಾಜಿನ ಈಚೆ

ಕೊನೆಗೂ ಒಳಗೆ ಬಿಟ್ಟರು. ಒಳಗೆ ಎಂದರೆ ಗಾಜಿನ ಈಚೆ. ಅಮ್ಮ ದೇವಸ್ಥಾನದಿಂದ ತಂದುಕೊಟ್ಟ ನೂಲನ್ನು ನರ್ಸ್ ನೋಡಿ, ತುಂಬ ಚೆನ್ನಾಗಿದೆ, ಆದರೆ ಕೋಣೆಗೆ ಒಯ್ಯುವಂತಿಲ್ಲ ಎಂದಳು. ನೂರು ಕೈ ಮುಟ್ಟಿದ ನೂಲು, ಅವಳು ಒಯ್ಯಲು ಬಿಟ್ಟಿದ್ದರೆ ನಾನೇ ತಡೆಯುತ್ತಿದ್ದೆ. ಆದರೂ ಅವಳು ತಡೆದಾಗ ಸಿಟ್ಟು ಬಂತು.

ಮಗು ಕೂತಿತ್ತು. ನಮ್ಮ ಅಪ್ಪನ ಹಣೆ, ಪ್ರದೀಪನ ಕಿವಿ. ಕೈಕಾಲು ಕಡ್ಡಿ, ಹೊಟ್ಟೆ ಮುಂದೆ. ಅಕ್ಷತಾ ಮುಖಗವಸು ಹಾಕಿಕೊಂಡು ಪಕ್ಕದಲ್ಲಿದ್ದಳು. ಅವಳು ನನ್ನತ್ತ ಬೆರಳು ತೋರಿಸಿ ಏನೋ ಹೇಳಿದಳು. ಮಾವ ಕಾಣ್ ಅಂದಿರಬೇಕು. ಶ್ರವಣ ನನ್ನನ್ನು ನೋಡಿ ಗಾಜಿಗೆ ಅಂಗೈ ಒತ್ತಿದ. ನಾನು ಈಚೆಯಿಂದ ಒತ್ತಿದೆ. ಗಾಜು ತಣ್ಣಗಿತ್ತು.

ಡಾಕ್ಟರಮ್ಮ ಪಕ್ಕದ ಕೋಣೆಗೆ ಕರೆದು ವಿವರಿಸಿದರು. ನಾನು ಮೇಷ್ಟ್ರು ಎಂದು ತಿಳಿದ ಮೇಲೆ ಮುಚ್ಚುಮರೆ ಬಿಟ್ಟರು. ಟಿ ಕೋಶಗಳು ಹುಟ್ಟುವುದು ಮಜ್ಜೆಯಲ್ಲಿ, ಓದುವುದು ಎದೆಮೂಳೆಯ ಹಿಂದಿನ ಥೈಮಸ್ ಎಂಬ ಗ್ರಂಥಿಯಲ್ಲಿ. ಅಲ್ಲಿ ಅವುಗಳ ಮುಂದೆ ಮೈಯ ಚೂರುಗಳನ್ನು ಒಂದು ಹಿಡಿಕೆಯಲ್ಲಿಟ್ಟು ತೋರಿಸಲಾಗುತ್ತದೆ. ಹಿಡಿಕೆಯನ್ನು ಗುರುತಿಸಿದವು ಪಾಸು, ಸ್ವಂತ ಮೈಯ ಮೇಲೇ ಹರಿಹಾಯುವವು ಫೇಲು. ಹೆಚ್ಚಿನವು ಅಲ್ಲೇ ಸಾಯುತ್ತವೆ, ಉಳಿದವು ನಮ್ಮನ್ನು ಕಾಯುತ್ತವೆ. ಶ್ರವಣನ ಕೋಶಗಳಲ್ಲಿ, ಸಹಾಯಕರಾಗುವವರಿಗೆ ತೋರಿಸುವ ಆ ಒಂದು ಬಗೆಯ ಹಿಡಿಕೆಯೇ ತಯಾರಾಗುತ್ತಿರಲಿಲ್ಲ. ಪ್ರಶ್ನೆಪತ್ರಿಕೆಯೇ ಬಾರದ ಪರೀಕ್ಷೆಯಲ್ಲಿ ಯಾವ ಹುಡುಗ ಪಾಸಾದಾನು?

"ಮಜ್ಜೆ ಹೊಂದಿದರೆ?" ಎಂದು ಕೇಳಿದೆ.

"ಬದುಕಬಹುದು. ಆದರೆ ಥೈಮಸ್ ಅವನದೇ ಆಗಿ ಉಳಿಯುತ್ತದೆ. ಸಹಾಯಕ ಕೋಶಗಳು ಯಾವತ್ತೂ ಕಡಿಮೆಯೇ ಇರಬಹುದು."

ಬದುಕಬಹುದು ಎಂಬುದನ್ನು ಮಾತ್ರ ನಾನು ಎತ್ತಿಕೊಂಡೆ. ಅಮ್ಮನಿಗೆ ಫೋನಿನಲ್ಲಿ ಅಷ್ಟನ್ನೇ ಹೇಳಿದೆ.

ಜೋಡಿಗೆರೆ

ಮರುದಿನ ಡಾಕ್ಟರಮ್ಮ ಬಿಳಿ ಹಾಳೆಯೊಂದನ್ನು ಇಟ್ಟುಕೊಂಡು ಕೂತಿದ್ದರು. ಕುಟುಂಬದ ನಕ್ಷೆ ಬರೆಯಬೇಕಂತೆ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದದ್ದೇ. ತಂಗಿ ಮಗುವಿನ ಹತ್ತಿರವಿದ್ದುದರಿಂದ ನಾನೊಬ್ಬನೇ ಎದುರು ಕೂತಿದ್ದೆ.

"ಮಗುವಿನ ತಂದೆತಾಯಿ ರಕ್ತಸಂಬಂಧಿಗಳಲ್ಲ ಅಲ್ಲವೇ? ಮೊದಲ ಆಸ್ಪತ್ರೆಯ ಕಾಗದದಲ್ಲಿ ಹಾಗಿದೆ" ಎಂದರು.

"ಅಲ್ಲ. ಬಳಿ ಬೇರೆ" ಎಂದೆ.

ಬಳಿ ಎಂದರೇನು ಎಂದು ಕೇಳಿದರು. ನಾನು ಉತ್ಸಾಹದಿಂದಲೇ ಹೇಳಿದೆ. ನಮ್ಮಲ್ಲಿ ಬಳಿ ತಾಯಿಯಿಂದ ಬರುತ್ತದೆ. ಒಂದೇ ಬಳಿಯವರು ಎಷ್ಟು ದೂರದವರಾದರೂ ಅಣ್ಣತಂಗಿಯರು, ಅವರೊಳಗೆ ಮದುವೆ ಕೂಡದು. ನಾನು, ಅಕ್ಷತಾ, ಮಗು ಎಲ್ಲ ಅಮ್ಮನ ಬಳಿ. ಪ್ರದೀಪನದು ಅವನ ತಾಯಿಯ ಬಳಿ, ಅದು ಬೇರೆಯೇ.

"ಪ್ರದೀಪನ ತಂದೆ ಯಾರು?"

"ನನ್ನ ಸೋದರಮಾವ. ಅಮ್ಮನ ಸ್ವಂತ ತಮ್ಮ."

ಅವರ ಪೆನ್ನು ನಿಂತಿತ್ತು. ಆಮೇಲೆ ಅವರು ಅಕ್ಷತಾಳ ಸೊನ್ನೆಗೂ ಪ್ರದೀಪನ ಚೌಕಕ್ಕೂ ನಡುವೆ ಇದ್ದ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದರು. ಜೋಡಿಗೆರೆ ಎಂದರೆ ರಕ್ತಸಂಬಂಧದ ಮದುವೆ ಎಂದು ನಾನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಅದು ಉತ್ತರಪತ್ರಿಕೆಗೆ. ಮನೆಯಲ್ಲಿ ಸೋದರಮಾವನ ಮಗ ಎಂದರೆ ಸಂಬಂಧ ಬೆಳೆಸುವುದಕ್ಕೆ ಹೇಳಿ ಮಾಡಿಸಿದ ಗಂಡು, ರಕ್ತ ಬೇರೆ ಎಂದು ಹಿರಿಯರೇ ಬಳಿ ಕೇಳಿ ಖಾತ್ರಿ ಮಾಡಿಕೊಟ್ಟ ಗಂಡು. ಅಕ್ಷತಾ ಆ ಮೊದಲ ಆಸ್ಪತ್ರೆಯ ಡಾಕ್ಟರರಿಗೆ ಇಲ್ಲ ಎಂದದ್ದು ಸುಳ್ಳಲ್ಲ. ನನ್ನನ್ನು ಕೇಳಿದ್ದರೂ, ಅಮ್ಮನನ್ನು ಕೇಳಿದ್ದರೂ, ಇಡೀ ಕಿರಿಮಂಜೇಶ್ವರವನ್ನು ಕೇಳಿದ್ದರೂ ಅದೇ ಉತ್ತರ ಸಿಗುತ್ತಿತ್ತು.

ಅಮ್ಮನ ಕಡೆಯ ಅಜ್ಜನದೋ ಅಜ್ಜಿಯದೋ ಜೀನಿನಲ್ಲಿ ಕೆಟ್ಟ ಬರಹವೊಂದಿತ್ತು. ಅದು ಅಮ್ಮನ ದಾರಿಯಿಂದ ಒಂದು, ಮಾವನ ದಾರಿಯಿಂದ ಒಂದು ಇಳಿದು ಬಂದು ಮಗುವಿನಲ್ಲಿ ಕೂಡಿಕೊಂಡಿತು.

"ಇದು ಮೊದಲೇ ಗೊತ್ತಿದ್ದರೆ ಮೊದಲ ತಿಂಗಳಲ್ಲೇ ಇದನ್ನೇ ಹುಡುಕುತ್ತಿದ್ದೆವು..." ಎಂದು ಡಾಕ್ಟರಮ್ಮ ಅರ್ಧಕ್ಕೆ ನಿಲ್ಲಿಸಿದರು. ನನ್ನ ಮುಖ ನೋಡಿ ನೀರು ತರಿಸಿದರು.

ಹೊಂದಿತು

ಪರೀಕ್ಷೆಯ ಫಲಿತಾಂಶ ಬಂತು. ಪೂರ್ತಿ ಹೊಂದಿತ್ತು. ಸೋದರಮಾವನದು ಹೀಗೆ ಹೊಂದುವುದು ಅಪರೂಪವಂತೆ. ಅರ್ಧ ನಮ್ಮ ಅಪ್ಪನಿಂದ ನನಗೂ, ಅಕ್ಷತಾಳ ಮೂಲಕ ಮಗುವಿಗೂ ಬಂದಿತ್ತು. ಇನ್ನರ್ಧ ನನಗೆ ಅಮ್ಮನಿಂದ, ಮಗುವಿಗೆ ಅಮ್ಮನ ತಮ್ಮನಿಂದ ಪ್ರದೀಪನ ಮೂಲಕ. ಬಳಿಗೆ ಇದರಲ್ಲಿ ಏನೂ ಕೆಲಸವಿರಲಿಲ್ಲ. ರೋಗ ಕೊಟ್ಟ ಮದುವೆಯೇ ಮದ್ದನ್ನೂ ಕೊಟ್ಟಿತ್ತು.

ಆ ದಿನ ಪ್ರದೀಪ ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅಕ್ಷತಾ ಸಿಗಡಿ ಚಟ್ನಿ ಅರೆದಳು. ಬ್ರೀಡಾ ಮೊದಲ ಸಲಕ್ಕೇ ಚಹಾ ಒಪ್ಪಿಕೊಂಡಳು. ಫೋನಿನಲ್ಲಿ ಅಮ್ಮ, "ನಾ ಹೇಳ್ಲಿಲ್ಯಾ? ನಾ ಹೇಳ್ಲಿಲ್ಯಾ?" ಎಂದು ಅತ್ತಳು.

ಮಜ್ಜೆ ತೆಗೆಯುವ ದಿನ ಗೊತ್ತಾಗುವ ಮುಂಚೆಯೇ ಮಗುವಿನ ಉಸಿರು ಏರಿತು. ಶ್ವಾಸಕೋಶದಲ್ಲಿ ವೈರಸ್ಸು. ನನ್ನ ನೆಗಡಿಯದಲ್ಲ, ಬೇರೆ, ಅವನ ಮೈಯಲ್ಲಿ ಮುಂಚಿನಿಂದ ಹೊಂಚು ಹಾಕಿ ಕೂತದ್ದು. ಅದನ್ನು ನಾನು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡೆ. ಹೊಸ ಮಜ್ಜೆ ನೆಡಬೇಕಾದರೆ ಮೊದಲು ಕಟು ಔಷಧಿ ಕೊಟ್ಟು ಹಳೆಯದನ್ನು ಖಾಲಿ ಮಾಡಬೇಕು. ಈ ಉಸಿರಿನಲ್ಲಿ ಆ ಔಷಧಿಯೇ ಅವನನ್ನು ಕೊಲ್ಲುತ್ತದೆ. ವೈರಸ್ಸು ಇಳಿಯಲಿ, ಕಾಯೋಣ ಎಂದರು. ವೈರಸ್ಸನ್ನು ಇಳಿಸಬೇಕಾದ ಕೋಶಗಳು ನನ್ನಲ್ಲಿದ್ದವು. ಗಾಜಿನ ಈಚೆ ಕುರ್ಚಿಯಲ್ಲಿ, ಗಟ್ಟಿಮುಟ್ಟಾಗಿ, ಹೊಟ್ಟೆತುಂಬ ಉಂಡು, ನನ್ನ ಮೂಳೆಗಳ ತುಂಬ ಅವನಿಗೆ ಬೇಕಾದದ್ದನ್ನೆಲ್ಲ ಇಟ್ಟುಕೊಂಡು ನಾನು ಕೂತಿದ್ದೆ. ಇಂಥ ನಿಷ್ಪ್ರಯೋಜಕತನ ಶತ್ರುವಿಗೂ ಬೇಡ.

ಗಾಜಿನ ಆಚೆ ಯಂತ್ರಗಳು ಹೆಚ್ಚುತ್ತಾ ಹೋದವು. ಒಂದು ಮಧ್ಯಾಹ್ನ ಅವುಗಳನ್ನೆಲ್ಲ ತೆಗೆದು ಮಗುವನ್ನು ಅಕ್ಷತಾಳ ಮಡಿಲಿಗೆ ಕೊಟ್ಟರು. ಆಗ ನನ್ನನ್ನೂ ಒಳಗೆ ಕರೆದರು. ಮುಖಗವಸು ಬೇಡ ಎಂದರು. ನಾನು ಅವನನ್ನು ಮುಟ್ಟಿದ್ದು ಆವತ್ತೇ.

ಸ್ಮಶಾನ

ಚಿಕ್ಕ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅದೊಂದು ವಿಷಯದಲ್ಲಿ ಎರಡು ದೇಶಗಳಿಗೂ ಭೇದವಿರಲಿಲ್ಲ. ಬಿಳಿ ಪೆಟ್ಟಿಗೆಯನ್ನು ಪ್ರದೀಪ ಒಬ್ಬನೇ ಎತ್ತಿಕೊಂಡ. ಬೇರೆಯವರ ಹೆಗಲು ಬೇಕಾಗಲಿಲ್ಲ.

ಅಕ್ಷತಾ ಕೆಲಸ ಮಾಡುವ ವೃದ್ಧಾಶ್ರಮದವರು, ಪ್ರದೀಪನ ಹೋಟೆಲಿನವರು, ಬೀದಿಯವರು, ಹೆಸರೇ ತಿಳಿಯದವರು ಸಾಲಾಗಿ ಬಂದು ಒಬ್ಬೊಬ್ಬರೂ ಕೈ ಕುಲುಕಿ ಒಂದೇ ಮಾತು ಹೇಳಿದರು: ನಿಮ್ಮ ಕಷ್ಟಕ್ಕೆ ವಿಷಾದವಿದೆ. ಅದು ಅಲ್ಲಿಯ ರೂಢಿ. ನಮ್ಮಲ್ಲಾದರೆ ಜನ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಾರೆ, ಎಷ್ಟೊತ್ತಿಗ್ ಆದ್ದ್ ಎಂದು ಕೇಳುತ್ತಾರೆ, ಹೆಂಗಸರು ಕೂಗಿ ಅಳುತ್ತಾರೆ. ಅಕ್ಷತಾ ಎಲ್ಲರಿಗೂ ಥ್ಯಾಂಕ್ಯೂ, ಥ್ಯಾಂಕ್ಯೂ ಎನ್ನುತ್ತಿದ್ದಳು. ಅವಳು ಒಮ್ಮೆ ಬಾಯಿಬಿಟ್ಟು ಅಳಲಿ ಎಂದು ನಾನು ಕಾದೆ. ಅಲ್ಲಿ ಯಾರೂ ಹಾಗೆ ಅಳುತ್ತಿರಲಿಲ್ಲ, ಅವಳೂ ಅಳಲಿಲ್ಲ.

ಮರಳಿ ಕಿರಿಮಂಜೇಶ್ವರ

ನಾನು ಹೊರಡುವ ಬೆಳಿಗ್ಗೆ ಅಕ್ಷತಾ ನನ್ನ ಬಟ್ಟೆ ಮಡಚಿ ಬ್ಯಾಗಿಗೆ ಹಾಕುತ್ತಿದ್ದಳು. ಅಂಗಿಯ ತೋಳು ಸರಿ ಮಾಡುತ್ತಾ, ತಲೆಯೆತ್ತದೆ ಕೇಳಿದಳು.

"ಅಣ್ಣಯ್ಯ, ಶುರುವಲ್ಲೇ ಆ ಡಾಕ್ಟ್ರ್ ಕೇಂಡಾಗ ನಾ ಹೌದ್, ಸಂಬಂಧ ಅಂದಿದ್ರೆ, ಬದ್ಕ್ತಿದ್ನಾ?"

"ಎಂತದೂ ವ್ಯತ್ಯಾಸ ಆತಿರ್ಲಿಲ್ಲೆ ಹೆಣ್ಣೆ. ಹಣೆಬರಹ."

ಹಣೆಬರಹ ಎಂಬ ಮಾತನ್ನು ನಾನು ಜನ್ಮದಲ್ಲಿ ಆಡಿದವನಲ್ಲ. ಆ ಹೊತ್ತಿಗೆ ಅದೇ ಬಾಯಿಗೆ ಬಂತು.

"ಸುಳ್ಳ್ ಹೇಳ್ಬೇಡ" ಎಂದಳು. "ನಾ ಡಾಕ್ಟ್ರತ್ರ ಕೇಂಡಾಯ್ತ್. ಅವ್ರ್ ನನ್ನತ್ರ ಸುಳ್ಳ್ ಹೇಳ್ಲಿಲ್ಲೆ."

ಅವಳು ಇನ್ನೊಂದು ಅಂಗಿ ತೆಗೆದುಕೊಂಡಳು.

"ಅಮ್ಮನತ್ರ ಮಾತ್ರ ಇದನ್ನ ಹೇಳುಕಾಗ. ಈ ಮದಿ ಮಾಡ್ಸಿದ್ದ್ ಅವ್ಳ್. ಅವ್ಳಿಗ್ ಶ್ರವಣ ಎರಡೂ ಬದಿಂದ ಮೊಮ್ಮಗ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಊರಿಗೆ ಬಂದ ದಿನ ಅಮ್ಮ ಅಂಗಳದಲ್ಲೇ ಕೂತಿದ್ದಳು. ನನ್ನ ಬ್ಯಾಗು ಇಳಿಸಲೂ ಬಿಡಲಿಲ್ಲ.

"ನಿಂದ್ ಹೊಂದಿತ್ತಲ್ದಾ? ಮತ್ತೆಂತ ಆಯ್ತ್?"

"ತಡ ಆಯ್ತಮ್ಮಾ."

"ಎಂತಕ್ ತಡ ಆದ್ದ್?"

ನಾನು ಕಡಲ ಕಡೆ ನೋಡಿದೆ. "ಆ ದೇಶದ ಡಾಕ್ಟ್ರೇ ಹಾಂಗೆ ಅಮ್ಮಾ. ಎಲ್ಲ ನಿಧಾನ" ಎಂದೆ.

ಅಮ್ಮ ಎದ್ದು ನಿಂತು ಆ ಡಾಕ್ಟರರಿಗೆ, ಅವರ ದೇಶಕ್ಕೆ, ಅವರ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಬಾಯಿ ತುಂಬ ಶಾಪ ಹಾಕಿದಳು. ಪೆನ್ನು ನಿಲ್ಲಿಸಿ ನನಗೆ ನೀರು ತರಿಸಿದ ಆ ಹೆಂಗಸಿಗೆ ಆ ಶಾಪವೆಲ್ಲ ಹೋಗುತ್ತಿದ್ದರೂ ನಾನು ತಡೆಯಲಿಲ್ಲ. ಅಮ್ಮನಿಗೆ ಬೈಯಲು ಯಾರಾದರೂ ಬೇಕಿತ್ತು.

ಅಮ್ಮನಿಗೆ ಓದು ಬಾರದು. ಆ ಧೈರ್ಯದ ಮೇಲೆ ಇದನ್ನು ಬರೆದಿದ್ದೇನೆ. ನಮ್ಮ ಊರ ಕಡೆಯವರು ಯಾರಾದರೂ ಓದಿದರೆ, ದಯವಿಟ್ಟು ಅವಳಿಗೆ ಓದಿ ಹೇಳ್ಬೇಡಿ.